ಎರಡು ಬಣ್ಣದ ಟೇಪು ಹಚ್ಚಿದ ಟ್ರಂಕು

ಆ ವರ್ಷ ನಮ್ಮ ಬಾಲ್ಕನಿಯಲ್ಲಿ ಒಂಬತ್ತು ತುಳಸಿ ಗಿಡಗಳಿದ್ದವು. ನಾನು ನೆಟ್ಟದ್ದು ಒಂದೇ. ಉಳಿದ ಎಂಟು ಮಸ್ಕತ್ ಬಿಟ್ಟು ಹೋದವರದು. ಕಚ್ಚಾ ಎಣ್ಣೆಯ ಬೆಲೆ ಬಿದ್ದಿತ್ತು, ಜನರ ನೌಕರಿ ಉದುರುತ್ತಿತ್ತು. ಹೋಗುವವರು ಮಿಕ್ಸರ್ ಮಾರುತ್ತಿದ್ದರು, ಸೋಫಾವನ್ನು ಕಸದ ಡಬ್ಬಿಯ ಪಕ್ಕ ಇಟ್ಟು ತಿರುಗಿ ನೋಡದೆ ಹೋಗುತ್ತಿದ್ದರು. ತುಳಸಿಯನ್ನು ಮಾತ್ರ ಎಸೆಯಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ಅಜ್ಜಿ ಮನೆಯಲ್ಲೇ ಇರುತ್ತಾಳೆ, ನೀರು ಹಾಕುತ್ತಾಳೆ ಎಂದು ನನ್ನ ಬಾಗಿಲಿಗೆ ತಂದಿಡುತ್ತಿದ್ದರು. ನಾನು ದಿನಾ ನೀರು ಹಾಕಿ ಹಾಕಿ, ನಾವು ಹೊರಡುವ ದಿನ ಈ ಒಂಬತ್ತನ್ನು ಯಾರ ತಲೆಗೆ ಕಟ್ಟುವುದು ಎಂದು ಯೋಚಿಸುತ್ತಿದ್ದೆ.

ನಾವು ಎಂದರೆ ಇಬ್ಬರೇ, ನಾನು ಮತ್ತು ನನ್ನ ಮಗಳು. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ಒಂದು ಶಾಲೆಯ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ. ಮಗಳಿಗೆ ನಲವತ್ತು ದಾಟಿತ್ತು. ಮದುವೆ ಆಗಿರಲಿಲ್ಲ. ನಾನು ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದೆ, ಅವಳು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಳು, ಆಮೇಲೆ ಇಬ್ಬರೂ ಸುಖವಾಗಿದ್ದೆವು. ನನ್ನ ವೀಸಾ ಅವಳ ವೀಸಾದ ಬಾಲ. ಅವಳದ್ದು ಹೋದರೆ ನನ್ನದೂ ಹೋಯಿತು.

ಅವಳ ಕೆಲಸವನ್ನು ಜನರಿಗೆ ಹೇಳಲು ನನಗೆ ಯಾವತ್ತೂ ಆಗಿರಲಿಲ್ಲ. ಕೆಳಗಿನ ಮನೆಯವರು ಕೇಳಿದರೆ ಕಾಲೇಜಿನಲ್ಲಿ ಇಲಿ ಸಾಕುತ್ತಾಳೆ ಎನ್ನುತ್ತಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ಅವಳು ಸಾಕುತ್ತಿದ್ದದ್ದು ಇಲಿಯನ್ನಲ್ಲ, ಇಲಿ ಇನ್ನೂ ಇಲಿ ಆಗುವ ಮೊದಲು, ಬಸಿರಿನ ಮೂರನೆಯ ನಾಲ್ಕನೆಯ ದಿನ ಹೇಗಿರುತ್ತದೋ ಅದರೊಳಗಿಂದ ತೆಗೆದ ಜೀವಕೋಶಗಳನ್ನು. ಅಂಗೈಯಷ್ಟು ಅಗಲದ ತಟ್ಟೆಯಲ್ಲಿ ಅವು ಬೆಳೆಯುತ್ತಿದ್ದವು. ಅವಕ್ಕೆ ದಿನಾ ಹಳೆಯ ನೀರು ತೆಗೆದು ಹೊಸ ನೀರು ಹಾಕಬೇಕು. ಶುಕ್ರವಾರದ ರಜೆಯೂ ಇಲ್ಲ, ಈದ್ ರಜೆಯೂ ಇಲ್ಲ. ಒಂದು ದಿನ ತಪ್ಪಿದರೆ ಅವು ತಮ್ಮಷ್ಟಕ್ಕೆ ತಾವೇ ಏನೋ ಒಂದು ಆಗಿಬಿಡುತ್ತವೆ ಎನ್ನುತ್ತಿದ್ದಳು. ನರವೋ, ಚರ್ಮವೋ, ಹೃದಯದ ಮಾಂಸವೋ. ಆಮೇಲೆ ಹಿಂದಕ್ಕೆ ಬರುವುದಿಲ್ಲ. ಎಮ್ಮೆ ಕಟ್ಟಿದವರಿಗಾದರೂ ಹಾಲು ಸಿಗುತ್ತದೆ, ನಿನಗೆ ಏನು ಸಿಗುತ್ತದೆ ಎಂದು ನಾನು ಕೇಳಿದ್ದುಂಟು. ಅವಳು ನಕ್ಕು ಕಾರಿನ ಕೀಲಿ ತೆಗೆದುಕೊಂಡು ಹೋಗುತ್ತಿದ್ದಳು.

ಹೀಗಿರುವಾಗ ಕಾಲೇಜಿನಿಂದ ಕಾಗದ ಬಂತು. ಕರಾರಿನ ಮೇಲೆ ಇರುವವರೆಲ್ಲ ಇನ್ನೊಮ್ಮೆ ಸಮಿತಿಯ ಮುಂದೆ ಬಂದು ಕೂರಬೇಕು. ಹತ್ತು ನಿಮಿಷದಲ್ಲಿ ತಮ್ಮ ಕೆಲಸ ಏನು, ಯಾಕೆ ಬೇಕು ಎಂದು ಹೇಳಬೇಕು. ಸಮಿತಿಯಲ್ಲಿ ವಿಜ್ಞಾನ ಓದದವರೂ ಇರುತ್ತಾರೆ, ಅವರಿಗೂ ತಿಳಿಯಬೇಕು. ಬರುವಾಗ ಮುದ್ರೆ ಬಿದ್ದ ಮೂಲ ಸರ್ಟಿಫಿಕೇಟುಗಳನ್ನು ತರಬೇಕು, ಜೆರಾಕ್ಸ್ ನಡೆಯುವುದಿಲ್ಲ. ಮಗಳ ಸರದಿ ಒಂದು ಭಾನುವಾರ ಬೆಳಿಗ್ಗೆ. ಸಮಿತಿಯವರು ಬೇಡ ಎಂದರೆ ಒಂದು ತಿಂಗಳಲ್ಲಿ ನಾವು ವಿಮಾನ ಹತ್ತಬೇಕು, ಆ ತಟ್ಟೆಗಳನ್ನು ಅವಳೇ ತನ್ನ ಕೈಯಿಂದ ತೊಟ್ಟಿಗೆ ಸುರಿಯಬೇಕು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ವಿಮಾನದ ಮಾತಿಗೆ ಅವಳ ಮುಖ ಬದಲಾಗಲಿಲ್ಲ. ಸುರಿಯುವ ಮಾತಿಗೆ ಬದಲಾಯಿತು. ನಾನು ನೋಡಿದೆ.

ಅಂದಿನಿಂದ ನನ್ನನ್ನು ಕೂರಿಸಿಕೊಂಡು ಪಾಠ ಶುರು ಮಾಡಿದಳು. ನಾನು ಮೂರನೆಯ ಇಯತ್ತೆಯವರೆಗೆ ಹೋದವಳು, ಅದರಲ್ಲೂ ಅರ್ಧ ದಿನ ಮಾಸ್ತರರ ಹೆಂಡತಿಗೆ ನೀರು ಸೇದಿದ್ದೇ ಆಯಿತು. ನನಗೆ ತಿಳಿದರೆ ಸಮಿತಿಯಲ್ಲಿ ಕೂರುವ ಲೆಕ್ಕಪತ್ರದ ಸಾಹೇಬನಿಗೆ ತಿಳಿದಂತೆ ಎಂಬುದು ಅವಳ ಲೆಕ್ಕ.

ಮೊದಲ ದಿನ ಹೇಳಿದ್ದು ಹೀಗೆ. ಒಂದೊಂದು ಜೀವಕೋಶದೊಳಗೂ ಒಂದು ದಾರವಿದೆ. ಬಿಚ್ಚಿ ಹಿಡಿದರೆ ಮನುಷ್ಯನಿಗಿಂತ ಉದ್ದ. ಅದು ಕಣ್ಣಿಗೆ ಕಾಣದ ಒಂದು ಚುಕ್ಕೆಯೊಳಗೆ ಕೂತಿದೆ.

"ಗಂಟು ಬೀಳಂಗಿಲ್ಲೇನು?" ಎಂದೆ.

ಅವಳು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟಳು. "ಅವ್ವಾ, ಅದನ್ನ ಕೇಳಾಕ ನಾನು ಆರು ವರ್ಷ ಓದೀನಿ."

ಗಂಟು ಬೀಳದ ಹಾಗೆ ಆ ದಾರ ಸಣ್ಣ ಸಣ್ಣ ಉಂಡೆಗಳಿಗೆ ಸುತ್ತಿಕೊಂಡಿರುತ್ತದಂತೆ, ಹೊಲಿಗೆ ಯಂತ್ರದ ಬಾಬಿನ್ನಿಗೆ ನೂಲು ಸುತ್ತಿದ ಹಾಗೆ. ಒಂದೇ ಬಾಬಿನ್ ಅಲ್ಲ, ಕೋಟಿಗಟ್ಟಲೆ. ದಾರ, ಉಂಡೆ ಎಲ್ಲ ಸೇರಿದ ಆ ಮುದ್ದೆಗೆ ಕ್ರೊಮ್ಯಾಟಿನ್ ಎಂದು ಹೆಸರು. ಅವಳು ಹೇಳಿದ ಹೆಸರುಗಳಲ್ಲಿ ನಾನು ಕಲಿತದ್ದು ಇದೊಂದೇ. ಕಣ್ಣಿನ ಕೋಶದಲ್ಲೂ ಅದೇ ದಾರ, ಉಗುರಿನ ಬುಡದಲ್ಲೂ ಅದೇ ದಾರ. ವ್ಯತ್ಯಾಸ ಇರುವುದು ಎಲ್ಲಿ ಬಿಚ್ಚಿದೆ, ಎಲ್ಲಿ ಬಿಗಿದಿದೆ ಎಂಬುದರಲ್ಲಿ. ಬಿಚ್ಚಿದ ಕಡೆ ಓದಲು ಬರುತ್ತದೆ, ಬಿಗಿದ ಕಡೆ ಬರುವುದಿಲ್ಲ. ಎಲ್ಲಿ ಬಿಚ್ಚಬೇಕು, ಎಲ್ಲಿ ಬಿಗಿಯಬೇಕು ಎಂದು ಉಂಡೆಗಳ ಮೇಲೆ ಗುರುತು ಹಚ್ಚುವ ಸಣ್ಣ ಸಣ್ಣ ಕಣಗಳ ಗುಂಪುಗಳು ಕೋಶದೊಳಗೇ ಇವೆ. ಗುರುತು ಅಳಿಸುವ ಗುಂಪುಗಳೂ ಇವೆ.

ಇಷ್ಟು ನನಗೆ ತಿಳಿಯಿತು. ತಿಳಿದದ್ದನ್ನು ತಿಳಿಯಲಿಲ್ಲ ಎನ್ನುವ ಪೈಕಿ ನಾನಲ್ಲ. ತಕರಾರು ಬಂದದ್ದು ಎರಡನೆಯ ದಿನ.

ಬಸಿರಿನ ಆ ಮೊದಲ ಕೋಶಗಳು ಇನ್ನೂ ಏನೂ ಆಗಿಲ್ಲ, ಏನು ಬೇಕಾದರೂ ಆಗಬಹುದು. ಅದಕ್ಕೆ ಅವುಗಳೊಳಗೆ ದಾರ ಸಡಿಲವಾಗಿಯೇ ಇರುತ್ತದೆ, ಉಂಡೆಗಳು ಬರುತ್ತ ಹೋಗುತ್ತ ಇರುತ್ತವೆ. ಮುಂದೆ ನರ ಆಗು, ಮೂಳೆ ಆಗು ಎಂದು ಹೇಳುವ ದೊಡ್ಡ ದೊಡ್ಡ ಜಾಗಗಳಲ್ಲಿ ಬಿಚ್ಚು ಎಂಬ ಗುರುತೂ ಇರುತ್ತದೆ, ಮುಚ್ಚು ಎಂಬ ಗುರುತೂ ಇರುತ್ತದೆ. ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ. ಕೋಶ ಒಂದು ದಾರಿ ಹಿಡಿದಾಗ ಎರಡರಲ್ಲಿ ಒಂದು ಹೋಗುತ್ತದೆ. ಈ ಎರಡು ಗುರುತು ಹೇಗೆ ಕೂತಿರುತ್ತವೆ, ಒಂದು ಹೋಗುವುದು ಯಾವಾಗ, ಹೋದ ಮೇಲೆ ದಾರ ಹೇಗೆ ಮಡಚಿಕೊಳ್ಳುತ್ತದೆ ಎಂದು ನೋಡುವುದೇ ನನ್ನ ಮಗಳ ಕೆಲಸ.

ನನ್ನ ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ. ಕೆಂಪು ಬಾವುಟ ಎಂದರೆ ನಿಲ್ಲು, ಹಸಿರು ಎಂದರೆ ಹೋಗು.

"ಎರಡೂ ಕೂಡೇ ತೋರಿಸಿದ್ರ ನಿಮ್ಮಪ್ಪನ ನೌಕರಿ ಹೋಗ್ತಿತ್ತು," ಎಂದೆ. "ಹಂಗ್ಯಾಕ ಮಾಡ್ತಾವು? ತಲಿ ಕೆಟ್ಟದ ಏನು ಅವಕ್ಕ?"

"ತಯಾರಿ ಅವ್ವಾ ಅದು. ಒಲಿ ಸಣ್ಣಗ ಇಟ್ಟಿರ್ತೀಯಲ್ಲ, ಹಂಗ."

"ಗ್ಯಾಸ್ ದಂಡ."

ಅವಳು ಪುಸ್ತಕ ಮುಚ್ಚಿ ಎದ್ದಳು. ಮೂರನೆಯ ದಿನ, ನಾಲ್ಕನೆಯ ದಿನ ಬೇರೆ ಬೇರೆ ರೀತಿ ಹೇಳಿ ನೋಡಿದಳು. ಒಂದು ದಿನ ಚಿತ್ರ ಬರೆದಳು, ಇನ್ನೊಂದು ದಿನ ನನ್ನ ಉಣ್ಣೆಯ ಉಂಡೆ ಬಿಚ್ಚಿ ಹಾಳು ಮಾಡಿದಳು. ಎರಡು ಗುರುತಿನ ಹತ್ತಿರ ಬಂದಾಗಲೆಲ್ಲ ನಾನು ಬೇಡ ಎಂದು ತಲೆ ಆಡಿಸಿದೆ. ಇದು ಹೀಗೇ ಆದರೆ ಭಾನುವಾರ ಮುಳುಗಿದೆ ಎಂದು ಅವಳಿಗೂ ಅನ್ನಿಸತೊಡಗಿತು. ನನ್ನ ತಲೆಯ ಮೇಲೆ ಹೇರುವುದು ಬಿಟ್ಟು, ಕನ್ನಡಿಯ ಮುಂದೆ ಇಂಗ್ಲಿಷಿನಲ್ಲಿ ಅಭ್ಯಾಸ ಮಾಡತೊಡಗಿದಳು. ಆ ಕನ್ನಡಿಗಿಂತ ನಾನೇ ವಾಸಿ ಇದ್ದೆ.

ಈ ನಡುವೆ ಮನೆಯ ಸಾಮಾನಿನ ವಿಚಾರ. ಕಾಗದ ಬಂದ ಮೇಲೆ ಮಗಳು ಲ್ಯಾಬಿನಿಂದ ಬಣ್ಣದ ಟೇಪುಗಳನ್ನು ತಂದಿದ್ದಳು. ಹಡಗಿನಲ್ಲಿ ಊರಿಗೆ ಹೋಗುವುದಕ್ಕೆ ಕೆಂಪು, ಇಲ್ಲೇ ಇರುವುದಕ್ಕೆ ಹಸಿರು. ಹೇಗೂ ಜಾಸ್ತಿ ಆಗಿರುವ ಸಾಮಾನು ಈಗಲೇ ಹೋಗಲಿ, ಭಾನುವಾರ ಏನೇ ಆಗಲಿ ಎಂದು. ಅಷ್ಟಾಗಿದ್ದರೆ ಸರಿ ಇತ್ತು. ಕೆಲವಕ್ಕೆ ಎರಡೂ ಟೇಪು ಹಚ್ಚಿದಳು. ಭಾನುವಾರ ಕಳೆದ ಮೇಲೆ ನೋಡೋಣ ಎಂಬುದು ಅದರ ಅರ್ಥ. ಫ್ರಿಜ್ಜಿಗೆ ಎರಡು, ಗೋದಿ ಹಿಟ್ಟಿನ ಡಬ್ಬಿಗೆ ಎರಡು, ನನ್ನ ಕಬ್ಬಿಣದ ಟ್ರಂಕಿಗೆ ಎರಡು.

ಟ್ರಂಕು ಕಟ್ಟುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಹೊಗಳಿಕೆಯಲ್ಲ, ಕೆಲಸ. ಗ್ಯಾಂಗ್‌ಮನ್ನನಿಗೆ ಬೆಳಿಗ್ಗೆ ವರ್ಗದ ಆರ್ಡರ್ ಬಂದರೆ ಸಂಜೆಯ ಪ್ಯಾಸೆಂಜರಿಗೆ ಸಂಸಾರ ಹತ್ತಬೇಕು. ಹಳೆಯ ಸೀರೆಯ ಅಂಚು ಹರಿದು ಹೊಸೆದ ಹಗ್ಗ, ಎರಡು ಸುತ್ತು, ಒಂದು ಗಂಟು. ನಮ್ಮ ಮನೆಯಲ್ಲಿ ಟ್ರಂಕು ಎಂದರೆ ಒಂದೋ ಬಿಚ್ಚಿರಬೇಕು, ಇಲ್ಲವೇ ಬಿಗಿದಿರಬೇಕು. ಅರ್ಧ ಮುಚ್ಚಳ ತೆರೆದು ಕೂತ ಟ್ರಂಕನ್ನು ನಾನು ಜನ್ಮದಲ್ಲಿ ಸಹಿಸಿದವಳಲ್ಲ. ಹಾದು ಹೋಗುವಾಗಲೆಲ್ಲ ಅದು ಬಾಯಿ ತೆರೆದುಕೊಂಡು ನನ್ನನ್ನು ನೋಡುತ್ತಿತ್ತು. ಅದರ ಹೊಟ್ಟೆಯ ಮೇಲೆ ಹಸಿರು ಪಟ್ಟಿ, ಕೆಂಪು ಪಟ್ಟಿ.

ಗುರುವಾರ ಕಾರ್ಗೋದವನು ಬರುವವನಿದ್ದ. ಮಗಳು ಬೆಳಿಗ್ಗೆಯೇ ಲ್ಯಾಬಿಗೆ ಹೋಗುತ್ತ, ಬರೀ ಕೆಂಪು ಇದ್ದದ್ದನ್ನು ಮಾತ್ರ ಕೊಡು, ಎರಡಿದ್ದದ್ದನ್ನು ಮುಟ್ಟಬೇಡ ಎಂದು ಮೂರು ಸಲ ಹೇಳಿದಳು. ಮೂರು ಸಲ ಹೇಳಿದ್ದೇ ತಪ್ಪಾಯಿತು. ಅವಳು ಹೋದ ಮೇಲೆ ನಾನು ಟ್ರಂಕಿನ ಮುಂದೆ ಕೂತೆ. ಒಳಗಿರುವುದು ನನ್ನ ಆರು ಇಳಕಲ್ ಸೀರೆ, ಎರಡು ಕೌದಿ. ಈ ಸೆಕೆಯಲ್ಲಿ ಕೌದಿ ಯಾರು ಹೊದೆಯುತ್ತಾರೆ? ಇದ್ದರೂ ಹೋದರೂ ಇವು ಊರಲ್ಲೇ ಇರಬೇಕಾದವು. ಇದಕ್ಕೆ ಹಸಿರು ಯಾಕೆ? ಉಗುರು ಹಾಕಿ ಹಸಿರು ಪಟ್ಟಿಯನ್ನು ಕಿತ್ತೆ. ಮುಚ್ಚಳ ಹಾಕಿದೆ. ಹಗ್ಗ ಎರಡು ಸುತ್ತು, ಒಂದು ಗಂಟು. ಕಾರ್ಗೋದವನು ಬಂದು ಟ್ರಂಕನ್ನೂ ಕೆಂಪಿನ ಪೆಟ್ಟಿಗೆಗಳನ್ನೂ ತೆಗೆದುಕೊಂಡು ಹೋದ. ಮನೆ ಹಗುರಾಯಿತು. ನಾನು ಆರಾಮಾಗಿ ಮಲಗಿ ನಿದ್ದೆ ಮಾಡಿದೆ.

ಎಚ್ಚರವಾದ ಮೇಲೆ, ಚಹಾಕ್ಕೆ ನೀರು ಇಡುವಾಗ, ನನಗೆ ನೆನಪಾಯಿತು.

ನಮ್ಮ ಕಡೆ ಮುಖ್ಯವಾದ ಕಾಗದವನ್ನು ಕಪಾಟಿನಲ್ಲಿ ಇಡುವುದಿಲ್ಲ. ಸೀರೆಯ ಮಡಿಕೆಯೊಳಗೆ ಇಡುತ್ತೇವೆ, ಜೊತೆಗೆ ಎರಡು ಒಣ ಬೇವಿನ ಎಸಳು. ಹುಳ ಮುಟ್ಟುವುದಿಲ್ಲ, ಕಳ್ಳನೂ ಮುಟ್ಟುವುದಿಲ್ಲ. ನನ್ನ ಅವ್ವ ಹಾಗೆ ಇಡುತ್ತಿದ್ದಳು. ಮಗಳ ಮುದ್ರೆ ಬಿದ್ದ ಸರ್ಟಿಫಿಕೇಟುಗಳನ್ನು, ಇಲ್ಲಿಗೆ ಬಂದ ಮೊದಲ ವಾರ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನಾಲ್ಕನೆಯ ಇಳಕಲ್ ಸೀರೆಯ ಸೆರಗಿನ ಮಡಿಕೆಯಲ್ಲಿ ಇಟ್ಟವಳು ನಾನೇ. ಹಸಿರು ಟೇಪು ಸೀರೆಗಲ್ಲ, ಅದರೊಳಗಿನ ಕಾಗದಕ್ಕೆ.

ಅವತ್ತು ಸಂಜೆ ಹೇಳಲಿಲ್ಲ. ಹೆದರಿ ಅಲ್ಲ. ಅವಳು ಬಂದವಳೇ ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಕೈ ಆಡಿಸುತ್ತಿದ್ದಳು, ಒಳ್ಳೆಯ ಹುರುಪಿನಲ್ಲಿದ್ದಳು, ಮಧ್ಯ ಹೋಗುವುದು ಬೇಡ ಎನ್ನಿಸಿತು. ಹೌದು, ಸ್ವಲ್ಪ ಹೆದರಿದ್ದೆ.

ಶುಕ್ರವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದು, ಟ್ರಂಕು ಎಲ್ಲಿ ಎಂದು ಕೇಳಿದಳು.

"ಹೋತು," ಎಂದೆ.

"ಎಲ್ಲಿ ಹೋತು?"

"ಹಡಗಕ್ಕ."

ಅವಳು ಒದ್ದೆ ಕೂದಲು ಬಿಟ್ಟುಕೊಂಡು ನೆಲದ ಮೇಲೆ ಕೂತಳು. ಟ್ರಂಕು ಇದ್ದ ಜಾಗದಲ್ಲೇ ಕೂತಳು. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಬೈಯಲಿಲ್ಲ. ಖಾಲಿ ನೆಲದ ಮೇಲೆ ಕೈ ಆಡಿಸುತ್ತ, "ಹಸಿರು ಟೇಪು ಇತ್ತಲ್ಲ ಅವ್ವಾ?" ಎಂದಳು.

"ಕಿತ್ತೆ. ಎರಡೂ ಇದ್ರ ನನಗ ಆಗಂಗಿಲ್ಲ."

ಅವಳ ಮುಖದಲ್ಲಿ ಏನೋ ಬಂತು. ಅಳುವೋ ನಗುವೋ ಗೊತ್ತಾಗಲಿಲ್ಲ. ಎದ್ದು ಫೋನು ಮಾಡಿದಳು. ಕಾರ್ಗೋದವನು ಕರಾವಳಿಯ ಕಡೆಯವನು, ಮನೆಯಲ್ಲಿ ತುಳು, ನಮ್ಮ ಜೊತೆ ಕನ್ನಡ. ಕಂಟೇನರು ಶನಿವಾರ ಬೆಳಿಗ್ಗೆ ಸೊಹಾರ್ ಬಂದರಿಗೆ ಹೋಗುತ್ತದೆ, ಈಗ ಘಲಾದ ಗೋದಾಮಿನ ಮುಂದೆ ಅರ್ಧ ತುಂಬಿ ನಿಂತಿದೆ, ಜುಮ್ಮಾ ನಮಾಜು ಮುಗಿದ ಮೇಲೆ ಬಾಗಿಲು ತೆಗೆಯುತ್ತೇನೆ, ಬನ್ನಿ ಎಂದ.

ನಾನು ಸೀರೆ ಬದಲಿಸಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಗೋದಾಮಿನ ಮುಂದೆಯೇ ಹೋಗಿ ಕೂರೋಣ, ಮೊದಲು ನಮ್ಮದನ್ನೇ ತೆಗೆಸೋಣ ಎಂದೆ. ಮಗಳು ಬೇಡ ಎಂದಳು. ಮೊದಲು ಕೋಶಗಳಿಗೆ ನೀರು ಬದಲಿಸಬೇಕು. ಮನೆ ಬೆಂಕಿ ಹತ್ತಿ ಉರಿಯುವಾಗ ಇಲಿಗೆ ಊಟ ಎಂದು ನಾನು ಕಾರಿನಲ್ಲಿ ಲ್ಯಾಬು ಮುಟ್ಟುವವರೆಗೂ ಬೈದೆ. ರಸ್ತೆ ಖಾಲಿ ಇತ್ತು, ಬೈಗುಳ ಬೇಗ ಮುಗಿಯಿತು.

ಅವತ್ತು ಮೊದಲ ಸಲ ಅವುಗಳನ್ನು ನಾನು ನೋಡಿದೆ. ಕೈಗೆ ರಬ್ಬರಿನ ಚೀಲ ಹಾಕಿಸಿ, ತಲೆಗೆ ಟೋಪಿ ಹಾಕಿಸಿ, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನಿನ ಮುಂದೆ ಕೂರಿಸಿದಳು. ಮೊದಲು ನನ್ನ ಕಣ್ಣ ರೆಪ್ಪೆಯೇ ಕಂಡಿತು. ಆಮೇಲೆ ಕಂಡವು. ಎಣ್ಣೆಗೆ ಬಿಟ್ಟ ಸಣ್ಣ ಬೋಂಡಾದ ಹಾಗೆ ಉಬ್ಬಿಕೊಂಡ ಗುಂಪುಗಳು, ಅಂಚು ದುಂಡಗೆ, ಮಿರಮಿರ ಹೊಳೆಯುತ್ತಿತ್ತು. ಒಂದರಲ್ಲಿ ಅಂಚು ಹರಡಿ ಚಪ್ಪಟೆಯಾಗಿತ್ತು, ಬಾಲ ಬಿಟ್ಟಿತ್ತು. ಹಿಟ್ಟು ತೆಳ್ಳಗಾದರೆ ದೋಸೆ ಹಾಗೆಯೇ ಹರಿದು ಹೋಗುವುದು.

"ಇದು ಕೆಟ್ಟೈತಿ ನೋಡು," ಎಂದೆ.

ಅವಳು ಬಾಗಿ ನೋಡಿದಳು. "ಹೌದವ್ವಾ. ಅದು ಏನೋ ಆಗಾಕ ಹೊಂಟೈತಿ. ಒಳಗ ಒಂದು ಗುರುತು ಕಿತ್ತು ಹೋಗೈತಿ ಅದರದು."

"ಯಾರು ಕಿತ್ತರು?"

"ಯಾರೂ ಇಲ್ಲ. ಹಚ್ಚೋವು ಹಚ್ಚತಾವು, ಕೀಳೋವು ಕೀಳತಾವು. ಆ ಜಗ್ಗಾಟದಾಗ ಒಂದು ಕಡೆ ತೂಕ ಜಾಸ್ತಿ ಆತು ಅಂದ್ರ ಮುಗೀತು." ಆ ತಟ್ಟೆಯನ್ನು ತೆಗೆದು ಪಕ್ಕಕ್ಕಿಡುತ್ತ ಹೇಳಿದಳು, "ನಿನ್ನಂಥಾಕಿ ಯಾರರೆ ಒಳಗ ಕೂತಿದ್ರ ಎಲ್ಲಾ ಎರಡು ದಿನದಾಗ ಚರ್ಮ ಆಗಿ ಕೂಡ್ತಿದ್ವು."

ಅದು ನನಗೆ ಬಿದ್ದ ಏಟು. ತೆಗೆದುಕೊಂಡೆ.

ಘಲಾದಲ್ಲಿ ಕಾರ್ಗೋದವನು ಬಾಗಿಲು ತೆರೆದು ನಮ್ಮ ದಾರಿ ಕಾಯುತ್ತಿದ್ದ. ಐವತ್ತರ ಆಸುಪಾಸಿನವನು, ಹೊಟ್ಟೆಯ ಮೇಲೆ ಬನಿಯನ್ನು. ನಾನು ಕಂಟೇನರಿನೊಳಗೆ ತಲೆ ಹಾಕಿ ನೋಡಿದೆ. ಊರಿಗೆ ಹೊರಟ ಸಂಸಾರಗಳೆಲ್ಲ ಅಲ್ಲೇ ಇದ್ದವು. ಪೆಟ್ಟಿಗೆಯ ಮೇಲೆ ಪೆಟ್ಟಿಗೆ, ಸೈಕಲ್ಲು, ಟಿವಿ, ಕಾಲು ಮೇಲಾದ ಮೇಜು. ಇದರೊಳಗೆ ಒಂದು ಟ್ರಂಕು ಹುಡುಕಬೇಕಾದರೆ ಭಾನುವಾರ ಅಲ್ಲ, ದೀಪಾವಳಿ ಬರುತ್ತದೆ ಎಂದುಕೊಂಡೆ.

ಅವನು ಒಳಗೆ ಹೋಗಿ ಮೂರು ನಿಮಿಷದಲ್ಲಿ ನನ್ನ ಟ್ರಂಕನ್ನು ಎಳೆದುಕೊಂಡು ಬಂದ. ಬಾಗಿಲ ಹತ್ತಿರವೇ ಇತ್ತು.

ಸೀರೆಯ ಮಡಿಕೆಯಲ್ಲಿ ಚೀಲ ಇದ್ದ ಹಾಗೆಯೇ ಇತ್ತು, ಬೇವಿನ ಎಸಳು ಪುಡಿಯಾಗಿತ್ತು. ನಾನು ಚೀಲವನ್ನು ಮಗಳ ಕೈಗಿಟ್ಟು, ನಡಿ ಮನೆಗೆ ಎಂದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ. ಇಷ್ಟು ಸಾಮಾನಿನಲ್ಲಿ ಇದೊಂದೇ ಯಾಕೆ ಬಾಗಿಲ ಹತ್ತಿರ ಇತ್ತು ಎಂದು ಅವನನ್ನು ಕೇಳುತ್ತಿದ್ದಳು.

"ಹಸಿರು ಚೂರು ಉಂಟಲ್ಲ ಮೇಡಂ," ಎಂದು ಅವನು ಟ್ರಂಕಿನ ಹೊಟ್ಟೆ ತೋರಿಸಿದ. ಕೆಂಪು ಪಟ್ಟಿಯ ಕೆಳಗೆ, ನನ್ನ ಉಗುರಿಗೆ ಸಿಗದೆ ಉಳಿದ ಹಸಿರು ಟೇಪಿನ ತುಂಡು, ಬೆರಳಿನ ಗೆಣ್ಣಿನಷ್ಟು, ಅಂಟಿಕೊಂಡಿತ್ತು. "ನಿಮ್ಮ ಮನೆಯಲ್ಲಿ ಎರಡು ಬಣ್ಣ ಹಚ್ಚಿದ ಫ್ರಿಜ್ಜು ನೋಡಿದೆ ನಾನು. ಇದಕ್ಕೂ ಮೊದಲು ಎರಡು ಇತ್ತು, ಯಾರೋ ಕಿತ್ತಿದ್ದಾರೆ ಅಂತ ಗೊತ್ತಾಯ್ತು. ಈಗ ಹೋಗುವವರೆಲ್ಲ ಅರ್ಧ ಮನಸ್ಸಿನವರೇ ಅಲ್ವಾ? ಇವತ್ತು ಕಳಿಸ್ತಾರೆ, ನಾಳೆ ಕೆಲಸ ಉಳೀತು, ಗ್ರೈಂಡರ್ ವಾಪಸ್ ಕೊಡಿ ಅಂತಾರೆ. ಹಾಗೆ ಡೌಟಿನದ್ದನ್ನೆಲ್ಲ ಬಾಗಿಲ ಹತ್ರ ಇಡುದು."

"ಡೌಟು ಇಲ್ಲದ್ದು?" ಎಂದಳು ಮಗಳು.

"ಅದು ಗೋಡೆಗೆ. ಗೋಡೆಗೆ ತಾಗಿಸಿ ಬಿಗಿದರೆ ಖಲಾಸ್, ಇನ್ನು ಮಂಗಳೂರಲ್ಲೇ ಬಿಚ್ಚುದು."

ಮಗಳು ಕಂಟೇನರಿನೊಳಗೆ ಹತ್ತಿಯೇ ಬಿಟ್ಟಳು. ಭಾನುವಾರಕ್ಕೆಂದು ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದ ಕುರ್ತಾ ಅದು, ಅವತ್ತು ಗಡಿಬಿಡಿಯಲ್ಲಿ ಅದನ್ನೇ ಹಾಕಿಕೊಂಡು ಬಂದಿದ್ದಳು. ಒಂದೇ ಮನೆಯ ಪೆಟ್ಟಿಗೆಗಳು ಬೇರೆ ಬೇರೆ ಕಡೆ ಇದ್ದರೆ ಏನು ಮಾಡುತ್ತೀರಿ ಎಂದು ಅವಳು ಕೇಳಿದಳು. ಅವನು ಒಂದು ಹಗ್ಗ ತೋರಿಸಿದ. ಹಗ್ಗದಲ್ಲಿ ಒಂದು ಕಬ್ಬಿಣದ ಉಂಗುರ. ಹಗ್ಗವನ್ನು ಉಂಗುರದೊಳಗಿಂದ ಎಳೆಯುತ್ತ ಹೋದರೆ ನಡುವೆ ಒಂದು ಕುಣಿಕೆ ದೊಡ್ಡದಾಗುತ್ತ ಬರುತ್ತದೆ, ದೂರ ಇದ್ದ ಎರಡು ತುದಿ ಹತ್ತಿರ ಬರುತ್ತವೆ. ಅಲ್ಲಲ್ಲಿ ಗಂಟು ಹಾಕಿರುತ್ತಾನೆ, ಉಂಗುರ ಗಂಟಿಗೆ ಬಂದು ನಿಲ್ಲುತ್ತದೆ. ಆ ಕುಣಿಕೆಯೊಳಗೆ ಇರುವುದೆಲ್ಲ ಒಂದು ಮನೆಯದು. ಅವನು ಎಳೆದು ತೋರಿಸಿದ. ಉಂಗುರ ಜಾರಿ ಬಂದು ಟಕ್ಕೆಂದು ನಿಂತಿತು.

ನನ್ನ ಮಗಳು ಆ ಉಂಗುರವನ್ನು ನೋಡಿದ ರೀತಿಯಲ್ಲಿ ಬೇರೆ ಹೆಂಗಸರು ಬಂಗಾರದ ಅಂಗಡಿಯಲ್ಲಿ ನೋಡುತ್ತಾರೆ.

"ಇನ್ನೊಮ್ಮೆ ಎಳೀರಿ," ಎಂದಳು.

ಅವನು ನನ್ನ ಮುಖ ನೋಡಿದ. ನಾನು ಎಳಿ ಎಂದು ಕೈ ಮಾಡಿದೆ. ನಾಲ್ಕು ಸಲ ಎಳೆಸಿದಳು. ಕಾರ್ಗೋ ರಸೀದಿಯ ಹಿಂದೆ ಏನೇನೋ ಬರೆದುಕೊಂಡಳು. ಅವನು ನನ್ನ ಹತ್ತಿರ ಬಂದು ಮೆಲ್ಲಗೆ, "ಮೇಡಂ ಯಾವ ಡಿಪಾರ್ಟ್‌ಮೆಂಟ್ ಅಮ್ಮ, ಕಸ್ಟಮ್ಸಾ?" ಎಂದು ಕೇಳಿದ. ಇಲಿ ಎಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು ಹಗ್ಗ ಸುತ್ತತೊಡಗಿದ.

ಟ್ರಂಕನ್ನು ಕಾರಿನಲ್ಲಿ ಹಾಕಿಕೊಂಡು ಹೊರಟೆವು. ದಾರಿಯಲ್ಲಿ ಅವಳು ಬಾಯಿ ಮುಚ್ಚಲಿಲ್ಲ. ಕೋಶದೊಳಗೂ ಹೀಗೆಯೇ, ಬೇಡವಾದ ದಾರ ಗೋಡೆಗೆ ಒತ್ತಿಕೊಂಡು ಬಿಗಿದಿರುತ್ತದೆ, ಬೇಕಾದದ್ದು ನಡುವೆ ಸಡಿಲ ಇರುತ್ತದೆ. ಉಂಗುರದಂಥದ್ದು ಒಂದಿದೆ, ಅದು ದಾರವನ್ನು ಎಳೆದು ಕುಣಿಕೆ ಮಾಡುತ್ತದೆ, ನಿಲ್ಲುವ ಜಾಗದಲ್ಲಿ ನಿಲ್ಲುತ್ತದೆ, ದಾರದ ಮೇಲೆ ದೂರ ದೂರ ಇದ್ದ ಎರಡು ಜಾಗ ಹತ್ತಿರ ಬರುತ್ತವೆ. ಬಸಿರಿನ ಕೋಶದಲ್ಲಿ ಬಹಳಷ್ಟು ಡೌಟಿನ ಸಾಮಾನು ಬಾಗಿಲ ಹತ್ತಿರ ಇರುತ್ತದೆ. ಎರಡು ಗುರುತು ಯಾಕೆ ಎಂದರೆ, ಬೇಗ ಬಿಚ್ಚಬೇಕಾಗಬಹುದು, ಆದರೆ ಹೇಳುವವರೆಗೆ ಬಿಚ್ಚಬಾರದು. ಸರಿಯಾಗಿ ಹೀಗೇ ಅಲ್ಲ, ಅಲ್ಲಿ ಬನಿಯನ್ನಿನ ಮನುಷ್ಯ ಯಾರೂ ಇಲ್ಲ, ಆದರೂ ಲೆಕ್ಕಪತ್ರದ ಸಾಹೇಬನಿಗೆ ಇಷ್ಟು ಸಾಕು.

"ಈಗ ತಿಳೀತೇನವ್ವಾ?"

ತಿಳಿಯಿತು ಎಂದೆ. ನಿಜವಾಗಿ ತಿಳಿದಿತ್ತು. ಟೇಪು ಕಿತ್ತು ಟ್ರಂಕು ಬಿಗಿದವಳಿಗೆ ತಿಳಿಯದಿದ್ದರೆ ಯಾರಿಗೆ ತಿಳಿಯಬೇಕು? ಆದರೂ ಒಂದು ಮಾತು ನನ್ನ ಗಂಟಲಲ್ಲೇ ಇತ್ತು. ಗೋಡೆಗೆ ಬಿಗಿದ ಪೆಟ್ಟಿಗೆಗಳಲ್ಲಿ ಒಂದರೊಳಗೆ, ಚಟ್ನಿ ಅರೆಯುವ ಕಲ್ಲಿನ ಪಕ್ಕದಲ್ಲಿ, ನಮ್ಮ ಕುಕ್ಕರಿನ ಸೀಟಿ ಇತ್ತು. ಕಳೆಯಬಾರದೆಂದು ನಾನೇ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದೆ. ಕುಕ್ಕರು ಅಡುಗೆ ಮನೆಯಲ್ಲೇ ಇತ್ತು. ಅವತ್ತು ಹೇಳಲಿಲ್ಲ. ಒಂದು ದಿನಕ್ಕೆ ಒಂದು ಸಾಕು.

ಭಾನುವಾರ ಬೇರೆ ಕುರ್ತಾ ಹಾಕಿಕೊಂಡು ಹೋದಳು. ಚೀಲದಲ್ಲಿ ಸರ್ಟಿಫಿಕೇಟು, ಒಂದು ಹಗ್ಗ, ನನ್ನ ಹಿತ್ತಾಳೆಯ ಬಳೆ, ಎರಡು ಬಣ್ಣದ ಟೇಪು. ಹೇಗಾಯಿತು ಎಂದು ಬಂದು ಹೇಳಿದಳು. ಹಗ್ಗವನ್ನು ಬಳೆಯೊಳಗಿಂದ ಎಳೆದು ಮೇಜಿನ ಮೇಲೆ ಕುಣಿಕೆ ಮಾಡಿ ತೋರಿಸಿದಳಂತೆ. ಟ್ರಂಕಿನ ಕಥೆ ಹೇಳಿದಳಂತೆ, ನನ್ನನ್ನೂ ಸೇರಿಸಿ. ನನ್ನ ಹೆಸರು ಹೇಳಲಿಲ್ಲ ಎಂದು ಆಣೆ ಮಾಡಿದಳು. ಲೆಕ್ಕಪತ್ರದ ಸಾಹೇಬರು ಇಲ್ಲಿನವರೇ, ಬಿಳಿ ಗಡ್ಡದವರು, ಅಲ್ಲಿಯವರೆಗೆ ಗಡಿಯಾರ ನೋಡುತ್ತಿದ್ದವರು ನೋಡುವುದನ್ನು ಬಿಟ್ಟರಂತೆ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. ತಾಯಿ ಟೇಪು ಕಿತ್ತದ್ದನ್ನು ಅದೇ ದಿನ ಹೇಳಿದರೋ, ಮರುದಿನವೋ?

"ಮರುದಿನ ಅಂದೆ," ಎಂದಳು ಮಗಳು. "ನಮ್ಮ ತಾಯಿನೂ ಹಂಗ ಇದ್ರು ಅಂದ್ರು ಸಾಹೇಬ್ರು."

ಎರಡು ವಾರ ಕಾದೆವು. ಎರಡು ಟೇಪಿನ ಫ್ರಿಜ್ಜಿನಿಂದ ಹಾಲು ತೆಗೆದೆವು, ಎರಡು ಟೇಪಿನ ಡಬ್ಬಿಯ ಹಿಟ್ಟು ಕಲಸಿ ಚಪಾತಿ ಲಟ್ಟಿಸಿದೆ, ಬೇಳೆಯ ತಂಟೆಗೆ ಹೋಗಲಿಲ್ಲ. ಟ್ರಂಕು ಅರ್ಧ ಬಾಯಿ ತೆರೆದುಕೊಂಡು ಮತ್ತೆ ಹಳೆಯ ಜಾಗದಲ್ಲಿ ಕೂತಿತ್ತು. ನಾನು ಮುಟ್ಟಲಿಲ್ಲ. ಮುಟ್ಟಬೇಕೆನ್ನಿಸಿದಾಗ ತುಳಸಿಗೆ ನೀರು ಹಾಕಲು ಹೋಗುತ್ತಿದ್ದೆ. ಆ ಎರಡು ವಾರದಲ್ಲಿ ಆ ಗಿಡಗಳು ಕುಡಿದಷ್ಟು ನೀರು ಅವು ಹುಟ್ಟಿದ ಮನೆಗಳಲ್ಲಿ ಕುಡಿದಿರಲಿಕ್ಕಿಲ್ಲ. ಒಂದು ಕೊಳೆತೇ ಹೋಯಿತು. ಎಂಟು ಉಳಿದವು.

ಕಾಗದ ಬಂತು. ಲ್ಯಾಬು ಅರ್ಧ ಮುಚ್ಚುತ್ತದೆ, ಪಕ್ಕದ ಕೋಣೆಯನ್ನು ಬಿಟ್ಟುಕೊಡಬೇಕು, ಆದರೆ ಅವಳೂ ಅವಳ ತಟ್ಟೆಗಳೂ ಇನ್ನೊಂದು ವರ್ಷ ಇರಬಹುದು. ವರ್ಷದ ಮೇಲೆ ಮತ್ತೆ ನೋಡುತ್ತಾರೆ. ಮಗಳು ಕಾಗದವನ್ನು ಎರಡು ಸಲ ಓದಿ, ಕುಣಿಯಲಿಲ್ಲ ಏನಿಲ್ಲ, ಕಾರಿನ ಕೀಲಿ ತೆಗೆದುಕೊಂಡು ನೀರು ಬದಲಿಸಲು ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಕೆಂಪು ಟೇಪು ಎಲ್ಲಾ ಕಿತ್ತುಬಿಡವ್ವಾ. ಇವತ್ತು ನಿನಗ ಬಿಟ್ಟೀನಿ," ಎಂದಳು.

ನಾನು ಕಿತ್ತೆ. ಫ್ರಿಜ್ಜಿನದು, ಡಬ್ಬಿಯದು, ಎಲ್ಲ. ಉಗುರು ಕೊರೆದು ಚೂರೂ ಉಳಿಯದ ಹಾಗೆ ಕಿತ್ತೆ. ಟ್ರಂಕಿನ ಮುಂದೆ ಬಂದು ಕೂತಾಗ ಮಾತ್ರ ಕೈ ನಿಂತಿತು. ವರ್ಷದ ಮೇಲೆ ಮತ್ತೆ ನೋಡುತ್ತಾರಂತಲ್ಲ. ಅದರ ಕೆಂಪನ್ನು ಇದ್ದಲ್ಲೇ ಬಿಟ್ಟೆ. ಹಸಿರು ಟೇಪಿನ ಉರುಳೆಯಿಂದ ಹೊಸದೊಂದು ಪಟ್ಟಿ ಹರಿದು, ಆ ಹಳೆಯ ಚೂರಿನ ಮೇಲೆ ಹಚ್ಚಿದೆ. ಮುಚ್ಚಳವನ್ನು ಪೂರ್ತಿ ಹಾಕಲಿಲ್ಲ.

ಸಂಜೆ ಬೇಳೆ ಇಡಲು ಹೋದಾಗ ಸೀಟಿಯ ವಿಚಾರ ಹೇಳಬೇಕಾಯಿತು. ಸೀಟಿ ಆ ಹೊತ್ತಿಗೆ ಮಂಗಳೂರು ದಾಟಿ ನನ್ನ ತಂಗಿಯ ಮನೆಯ ಅಟ್ಟ ಸೇರಿತ್ತು. ರುವಿಯ ಅಂಗಡಿಗಳಲ್ಲಿ ಹೊಸ ಸೀಟಿ ಸಿಗುತ್ತದೆ, ತರುತ್ತೇನೆ ಎಂದಳು ಮಗಳು. ಬೇಡ ಎಂದೆ. ಕೆಡದ ಸೀಟಿ ಊರಲ್ಲಿರುವಾಗ ಇನ್ನೊಂದು ಯಾಕೆ? ವರ್ಷದ ಮೇಲೆ ಏನಾಗುತ್ತದೋ, ಇಲ್ಲಿಗೆ ಅದು ಬರುತ್ತದೋ, ಅಲ್ಲಿಗೆ ನಾವು ಹೋಗುತ್ತೇವೋ. ಆ ವರ್ಷವೆಲ್ಲ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಿದೆ, ಒಲೆ ಸಣ್ಣಗೆ ಇಟ್ಟು. ಗ್ಯಾಸು ದಂಡ ಎಂದು ಮಗಳು ಹೇಳಿದಳು. ಹೇಳುವ ಹಕ್ಕು ಅವಳಿಗಿತ್ತು.